ಕೈ ತೆಗೆದು ನಡೆಯಿರಿ

ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿತು. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದು ಮಾತ್ರ ನಲವತ್ತಮೂರನೆಯ ವಯಸ್ಸಿನಲ್ಲಿ. ಮೊದಲು ಯಾರೂ ಹೇಳಿರಲಿಲ್ಲವೆಂದಲ್ಲ. ಊರವರ ಬಾಯಲ್ಲಿದ್ದ ಮಾತಿಗೆ ಸರ್ಕಾರದ ಮೊಹರನ್ನೂ ಹಾಕಿಸಿಕೊಂಡು ಬರಬೇಕೇ ಎಂಬ ಹಟ ನನ್ನದು. ಅವ್ವನ ಕಣ್ಣು ಮಂಜಾಗಿ, ನಾನು ಹೊಲಿದ ರವಿಕೆಗಳಿಗೆ ಕೊಕ್ಕೆ ಹಾಕಿಕೊಡಲು ಅವಳಿಂದ ಆಗದಂತಾದ ಮೇಲೆ ಹಟ ಸಡಿಲವಾಯಿತು.

ಪ್ರತಿ ಗ್ರಾಮ ಪಂಚಾಯಿತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರುತ್ತಾನೆ. ಎಲ್ಲರೂ ವಿಆರ್‌ಡಬ್ಲ್ಯೂ ಎಂದೇ ಕರೆಯುವುದು. ನಮ್ಮವನು ತಾನೂ ಊರುಗೋಲಿನಲ್ಲಿ ನಡೆಯುವವನು. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್ ತೆರೆದು, ಫೋಟೊ, ಸಹಿ, ಆಧಾರ್ ಏರಿಸಿ ಅರ್ಧ ಗಂಟೆಯಲ್ಲಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿ ಮುಗಿಸಿಕೊಟ್ಟ. ಶುಲ್ಕವಿಲ್ಲ. 2021ರ ಜೂನ್‌ನಿಂದ ಪ್ರಮಾಣಪತ್ರವನ್ನು ಈ ಪೋರ್ಟಲ್ ಮೂಲಕವೇ ಕೊಡಬೇಕೆಂಬ ನಿಯಮವಿರುವುದರಿಂದ, ಕಾರ್ಡ್ ಮಾಡಿಸಿಕೊಡುತ್ತೇನೆಂದು ಸಾವಿರ ರೂಪಾಯಿ ಕೇಳುವ ಮಧ್ಯವರ್ತಿಗಳ ಹಿಂದೆ ಯಾರೂ ಹೋಗಬೇಕಿಲ್ಲ. "ಅಕ್ಕ, ಆಧಾರ್‌ನಲ್ಲಿ ಇನಿಶಿಯಲ್ ಹೇಗಿದೆಯೋ ಎಲ್ಲ ಕಡೆ ಹಾಗೆಯೇ ಇರಲಿ" ಎಂದು ಮೂರು ಸಲ ಹೇಳಿದ. ಅದನ್ನು ಕೇಳಿದ್ದರಿಂದ ನನಗೆ ಒಂದು ಓಡಾಟ ತಪ್ಪಿತು.

ಆಸ್ಪತ್ರೆಯಲ್ಲಿ ತಪಾಸಣೆ ವಾರಕ್ಕೊಂದು ದಿನ. ಮೊದಲ ವಾರ ಬೆಳಿಗ್ಗೆ ಏಳಕ್ಕೇ ಹೋಗಿ ಕುಳಿತೆ. ಮಧ್ಯಾಹ್ನ ಒಂದಕ್ಕೆ, ಮೂಳೆ ಡಾಕ್ಟರು ಆಪರೇಷನ್‌ನಲ್ಲಿದ್ದಾರೆ, ಮುಂದಿನ ವಾರ ಬನ್ನಿ ಎಂದರು. ಅದನ್ನು ಬೆಳಿಗ್ಗೆಯೇ ಹೇಳಿದ್ದರೆ ಎರಡು ರವಿಕೆ ಹೊಲಿಯುತ್ತಿದ್ದೆ.

ಮುಂದಿನ ವಾರ ನನ್ನ ಸರದಿ ಬಂತು. ಒಳ್ಳೆಯ ಸೀರೆ ಉಟ್ಟಿದ್ದೆ. ನಡೆದು ತೋರಿಸಿ ಎಂದಾಗ ಗೋಡೆಯಿಂದ ಬಾಗಿಲವರೆಗೆ ಆದಷ್ಟು ನೇರವಾಗಿ ನಡೆದೆ. ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, "ಅಮ್ಮ, ಆ ಎಡಗೈ ತೆಗೆದು ನಡೆಯಿರಿ" ಎಂದರು.

ಯಾವ ಕೈ ಎಂದು ನನಗೇ ಗೊತ್ತಾಗಲಿಲ್ಲ. ನೋಡಿಕೊಂಡರೆ ಸೆರಗಿನ ಮರೆಯಲ್ಲಿ ನನ್ನ ಎಡಗೈ ತೊಡೆಯನ್ನು ಒತ್ತಿ ಹಿಡಿದಿತ್ತು. ತೊಡೆಯ ಸ್ನಾಯುವಿಗೆ ಬಲವಿಲ್ಲದವರು ಮಂಡಿ ಮಡಚಿ ಬೀಳದಂತೆ ಹೀಗೆ ಕೈಯಿಂದ ತಡೆಯುತ್ತಾರಂತೆ. ಶಾಲೆಯಲ್ಲಿ ಹುಡುಗರು ಅಣಕಿಸಿದಾಗಿನಿಂದ ಕಲಿತದ್ದು. ಸೀರೆ ಉಡಲು ತೊಡಗಿದ ಮೇಲೆ ಸೆರಗು ಅದನ್ನು ಮುಚ್ಚಿತ್ತು. ಕೈ ತೆಗೆದು ಮೂರನೆಯ ಹೆಜ್ಜೆ ಇಡುವಷ್ಟರಲ್ಲಿ ಮಂಡಿ ಕುಸಿಯಿತು, ನರ್ಸಮ್ಮ ರಟ್ಟೆ ಹಿಡಿದಳು. ಆಮೇಲೆ ಮಲಗಿಸಿ, ಸೊಂಟದ ಮೂಳೆಯಿಂದ ಕಣಕಾಲಿನ ಗಂಟಿನವರೆಗೆ ಟೇಪು ಹಿಡಿದು ಎರಡೂ ಕಾಲು ಅಳೆದರು. ನಾನು ದಿನವೂ ಹಿಡಿಯುವಂಥದೇ ಟೇಪು. "ನನ್ನ ಕೈಯನ್ನು ಪಾದದಿಂದ ತಳ್ಳಿ" ಎಂದರು. ಬಲಗಾಲಿನಿಂದ ತಳ್ಳಿದೆ, ಎಡಗಾಲು ಮಿಸುಕಿತು ಅಷ್ಟೆ.

ಅಂಗವಿಕಲತೆ ಶೇಕಡಾ 60 ಎಂದು ಬಂತು. ಮನೆಗೆ ಬಂದು ಹೇಳಿದರೆ ಅವ್ವ, "ಫಸ್ಟ್ ಕ್ಲಾಸೇ ಆಯಿತಲ್ಲ" ಎಂದಳು.

ಹೋಗುವವರಿಗೆ ನಾನು ಹೇಳುವುದಿಷ್ಟೆ: ಅಲ್ಲಿ ನಾಟಕ ಬೇಡ, ಆದರೆ ಚೆನ್ನಾಗಿ ಕಾಣಿಸಿಕೊಳ್ಳುವ ಅಭ್ಯಾಸವನ್ನೂ ಅರ್ಧ ಗಂಟೆ ಹೊರಗಿಟ್ಟು ಹೋಗಿ. ಶೇಕಡಾ 40ಕ್ಕಿಂತ ಕಡಿಮೆ ಬರೆದರೆ ಅಂಗವಿಕಲರ ಪೆನ್ಷನ್ ಇಲ್ಲ. 40ರಿಂದ 74ರವರೆಗೆ ತಿಂಗಳಿಗೆ 800 ರೂಪಾಯಿ, 75 ಮುಟ್ಟಿದರೆ 1,400. ನನ್ನ ಡಾಕ್ಟರು ಸೆರಗಿನ ಕಡೆ ನೋಡದಿದ್ದರೆ ಎಷ್ಟು ಬರೆಯುತ್ತಿದ್ದರೋ.

ಕಾರ್ಡಿನಲ್ಲಿ ಹಳದಿ ಪಟ್ಟಿ. 80ರಿಂದ ಮೇಲಿನವರಿಗೆ ನೀಲಿ. ಅಂಚೆಗೆ ಕಾಯದೆ ಪೋರ್ಟಲ್‌ನಿಂದಲೇ ಇಳಿಸಿಕೊಂಡೆ. ಬಸ್ ಪಾಸಿನ ಗೊಡವೆಗೆ ಹೋಗಲಿಲ್ಲ, 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲವಲ್ಲ.

ಪೆನ್ಷನ್ ಅರ್ಜಿ ನಾಡಕಚೇರಿಯಲ್ಲಿ. ಕಾರ್ಡು, ಆಧಾರ್, ಪಾಸ್‌ಬುಕ್, ಜೊತೆಗೆ ಆದಾಯ ಪ್ರಮಾಣಪತ್ರ. ವರ್ಷದ ಆದಾಯ 32,000 ರೂಪಾಯಿ ಮೀರುವಂತಿಲ್ಲ. ತಿಂಗಳಿಗೆ ಮೂರು ಸಾವಿರ ದುಡಿದವಳೂ ಹೊರಗೆ ಎಂದಾಯಿತು. ಗ್ರಾಮ ಆಡಳಿತ ಅಧಿಕಾರಿ (ನಮ್ಮೂರಲ್ಲಿ ಈಗಲೂ ಶಾನುಭೋಗರೇ) ಮನೆಗೆ ಬಂದು ಹೊಲಿಗೆ ಯಂತ್ರವನ್ನೇ ನೋಡುತ್ತಾ, "ಇದರಲ್ಲಿ ಎಷ್ಟು ಸಿಗುತ್ತದೆ?" ಎಂದರು. ಲೆಕ್ಕದ ಪುಸ್ತಕವನ್ನೇ ಮುಂದಿಟ್ಟೆ. ಯಾರಿಂದ ಎಷ್ಟು ಬಾಕಿ ಎಂಬುದೂ ಅದರಲ್ಲಿತ್ತು. ಓದಿ ನಕ್ಕರು, ಅವರ ಮನೆಯದೂ ಇತ್ತು.

ಮಂಜೂರಾತಿ ಆದೇಶ ಕೈಗೆ ಬಂತು, ಹಣ ಬರಲಿಲ್ಲ. ಎರಡು ತಿಂಗಳು ಬ್ಯಾಂಕಿಗೆ ಅಲೆದೆ. ಕೊನೆಗೆ ವಿಆರ್‌ಡಬ್ಲ್ಯೂ ಹುಡುಗನೇ ಕೇಳಿದ, "ಅಕ್ಕ, ಬೇರೆಲ್ಲಾದರೂ ಖಾತೆ ಮಾಡಿಸಿದ್ದಿರಾ?" ಸ್ತ್ರೀಶಕ್ತಿ ಸಂಘದ ಸಾಲಕ್ಕೆಂದು ಒಂದು ಖಾತೆ ಮಾಡಿಸಿ ಮರೆತಿದ್ದೆ. ನಾವು ಅರ್ಜಿಯಲ್ಲಿ ಯಾವ ಪಾಸ್‌ಬುಕ್ ಕೊಟ್ಟರೂ, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಆ ಪಾಸ್‌ಬುಕ್ ಅಕ್ಕಿ ಡಬ್ಬದ ಕೆಳಗಿತ್ತು. ಎಂಟ್ರಿ ಹಾಕಿಸಿದರೆ 800, ಅದರ ಕೆಳಗೆ ಇನ್ನೊಂದು 800.

ಅವ್ವನ ಕಣ್ಣಿನ ಹನಿಗೆ, ಕನ್ನಡಕಕ್ಕೆ ಕೊಟ್ಟು ಉಳಿದದ್ದರಲ್ಲಿ, ಬಸ್ ನಿಲ್ದಾಣದ ಪಕ್ಕದ ಚಪ್ಪಲಿ ರಿಪೇರಿಯವನ ಬಳಿ ಹೋಗಿ ಎಡಗಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿದೆ. ಎಷ್ಟು ದಪ್ಪ ಎಂದು ಕೇಳಿದ. ಡಾಕ್ಟರು ಅಳೆದದ್ದು ನೆನಪಿತ್ತು, ಹೇಳಿದೆ.