ಖಳ ಸಿಕ್ಕಿದ ಅಂತ ಖುಷಿಪಡುವ ಮುಂಚೆ: ಈಡಿ ಸೆಡ್ಜ್‌ವಿಕ್ ಸಿನಿಮಾ ಬಿಚ್ಚಿ ನೋಡಿದ ಅನುಭವ

ಜೀವನಚಿತ್ರ ಬರೆಯುವುದನ್ನು ಕಲಿಯಬೇಕಾದರೆ ಒಳ್ಳೊಳ್ಳೆ ಸಿನಿಮಾ ನೋಡು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಜಾಸ್ತಿ ಕಲಿಸಿದ್ದು ಅರ್ಧ ಗೆದ್ದು ಅರ್ಧ ಸೋತ ಒಂದು ಸಿನಿಮಾ, ಅಮೆರಿಕದ ನಟಿ ಈಡಿ ಸೆಡ್ಜ್‌ವಿಕ್ ಬದುಕಿನ ಮೇಲೆ ಬಂದ 2006ರ ‘ಫ್ಯಾಕ್ಟರಿ ಗರ್ಲ್’. ಚೆನ್ನಾಗಿ ಬಂದ ಸಿನಿಮಾದಲ್ಲಿ ಹೊಲಿಗೆ ಕಾಣುವುದಿಲ್ಲ. ಇದರಲ್ಲಿ ಕಾಣುತ್ತದೆ.

ಆಗ ನಾನು ಕಂಪನಿ ನಾಟಕದ ನಟಿಯೊಬ್ಬರ ಬದುಕಿನ ಮೇಲೆ ಚಿತ್ರಕಥೆ ಬರೆಯುತ್ತಿದ್ದೆ. ಅವರು ತೀರಿಕೊಂಡು ಬಹಳ ವರ್ಷ ಆಗಿತ್ತು. ಅವರ ಅಕ್ಕನ ಮಗನನ್ನು ಮಾತಾಡಿಸಿದರೆ ಮೊದಲ ಮಾತೇ ಇದು: “ನಮ್ಮ ಚಿಕ್ಕಮ್ಮನ್ನ ಹಾಳು ಮಾಡಿದ್ದು ಆ ಮಾಲೀಕನೇ, ಬರ್ಕೊಳ್ಳಿ.” ಬೇರೆಯವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಚಿತ್ರಕಥೆ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ಖಳ ಕೈಗೆ ಸಿಕ್ಕಿದರೆ ಕತೆ ತಾನಾಗಿ ಓಡುತ್ತದೆ. ಅಷ್ಟು ಸುಲಭವಾಗಿ ಓಡಿದ್ದಕ್ಕೇ ನನಗೆ ಅನುಮಾನ ಬಂತು. ಕಲಾವಿದನೊಬ್ಬ ಒಬ್ಬಳು ಹುಡುಗಿಯನ್ನು ಮೇಲೆತ್ತಿ ಆಮೇಲೆ ಕೈಬಿಟ್ಟ ಅನ್ನುವ ಕತೆಯನ್ನು ಬೇರೆಯವರು ಹೇಗೆ ಕಟ್ಟಿದ್ದಾರೆ, ಒಮ್ಮೆ ಪೂರ್ತಿ ಬಿಚ್ಚಿ ನೋಡೋಣ ಅಂದುಕೊಂಡೆ.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ಈಡಿ ಸೆಡ್ಜ್‌ವಿಕ್ ಹುಟ್ಟಿದ್ದು 1943ರಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವಳು. ಹಳೇ ಶ್ರೀಮಂತ ಮನೆತನ, ದನ ಕುದುರೆ ಸಾಕುವ ದೊಡ್ಡ ರಾಂಚ್. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರೊಬ್ಬರು ಆ ವಂಶದ ಹಿರಿಯರಲ್ಲಿ ಇದ್ದರು. ಅಮೆರಿಕದ್ದೇ ಆದ ಮಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಶಿಲ್ಪಕಲೆ ಕಲಿಯುತ್ತಿದ್ದ ಈಡಿ 1964ರಲ್ಲಿ ನ್ಯೂಯಾರ್ಕ್‌ಗೆ ಬಂದಳು. ಮರುವರ್ಷ ಪಾಪ್ ಆರ್ಟ್‌ನ ಹೆಸರಾಂತ ಕಲಾವಿದ ಆಂಡಿ ವಾರ್ಹಾಲ್ ಪರಿಚಯವಾಯಿತು. 47ನೇ ಬೀದಿಯಲ್ಲಿದ್ದ ಅವನ ಸ್ಟುಡಿಯೋಗೆ ‘ಫ್ಯಾಕ್ಟರಿ’ ಅಂತಲೇ ಹೆಸರು. ಗೋಡೆಗೆಲ್ಲ ಬೆಳ್ಳಿ ಬಣ್ಣದ ಫಾಯಿಲ್ ಅಂಟಿಸಿದ ಜಾಗ. 1965 ಒಂದೇ ವರ್ಷದಲ್ಲಿ ಈಡಿ ಅವನ ಕ್ಯಾಮರಾ ಮುಂದೆ ಸಾಲು ಸಾಲಾಗಿ ಸಿನಿಮಾ ಮಾಡಿದಳು. ಮರುವರ್ಷದ ಹೊತ್ತಿಗೆ ಇಬ್ಬರೂ ದೂರವಾದರು. 1971ರ ನವೆಂಬರ್‌ನಲ್ಲಿ, 28ನೇ ವಯಸ್ಸಿಗೆ ಅವಳು ತೀರಿಕೊಂಡಳು. ದೇಹದಲ್ಲಿ ನಿದ್ರೆ ಬರಿಸುವ ಔಷಧಿ ಮಿತಿ ಮೀರಿತ್ತು.

ಸಿನಿಮಾ ನಿರ್ದೇಶಿಸಿದವರು ಜಾರ್ಜ್ ಹಿಕನ್‌ಲೂಪರ್. ಈಡಿಯಾಗಿ ಸಿಯೆನ್ನಾ ಮಿಲ್ಲರ್, ವಾರ್ಹಾಲ್ ಆಗಿ ಗೈ ಪಿಯರ್ಸ್. ಮಿಲ್ಲರ್ ಅಭಿನಯದ ಬಗ್ಗೆ ನನ್ನ ತಕರಾರು ಒಂದಿಷ್ಟೂ ಇಲ್ಲ. ಆ ನಗು, ಆ ಅವಸರದ ಮಾತು, ಮಾತಿನ ನಡುವೆ ಥಟ್ಟನೆ ಖಾಲಿಯಾಗುವ ಕಣ್ಣು, ಎಲ್ಲ ಇದೆ. ತಕರಾರು ಇರುವುದು ಬರವಣಿಗೆಯ ಮೇಲೆ.

ನಾನು ಮಾಡಿದ್ದು ಇಷ್ಟು. ಮೊದಲು ಸಿನಿಮಾವನ್ನು ಎಲ್ಲೂ ನಿಲ್ಲಿಸದೆ ನೋಡಿದೆ. ಟಿಪ್ಪಣಿ ಗಿಪ್ಪಣಿ ಏನೂ ಇಲ್ಲ. ಮೊದಲ ಸಲ ನೋಡುವಾಗಲೇ ಬರೆದುಕೊಳ್ಳಲು ಕೂತರೆ ಸಿನಿಮಾ ನಮ್ಮನ್ನು ಎಲ್ಲಿ ಮರುಳು ಮಾಡಿತು ಅಂತ ಗೊತ್ತೇ ಆಗುವುದಿಲ್ಲ. ಆಮೇಲೆ ದೃಶ್ಯಕ್ಕೊಂದು ಕಾರ್ಡ್ ಮಾಡಿದೆ. ಕಾರ್ಡಿನಲ್ಲಿ ಮೂರೇ ವಿಷಯ: ಇಲ್ಲಿ ಯಾರಿಗೆ ಏನು ಬೇಕು, ಅದು ಸಿಕ್ಕಿತೇ, ಇದು ಯಾವ ಇಸವಿಯ ಘಟನೆ. ಮೂರನೆಯದೇ ಮುಖ್ಯ, ಮುಂದೆ ಹೇಳುತ್ತೇನೆ. ಕೊನೆಗೆ ಕಾರ್ಡಿನ ಮೂಲೆಗೆ ಸ್ಕೆಚ್ ಪೆನ್ನಿನ ಗುರುತು. ದಾಖಲೆ ಇದ್ದರೆ ನೀಲಿ, ನಾಲ್ಕೈದು ಘಟನೆ ಸೇರಿಸಿ ಒಂದು ಮಾಡಿದ್ದರೆ ಹಳದಿ, ಬರೆದವರ ಕಲ್ಪನೆ ಅನ್ನಿಸಿದರೆ ಗುಲಾಬಿ.

ಬಣ್ಣ ಹಾಕಬೇಕಾದರೆ ದಾಖಲೆ ಓದಬೇಕಲ್ಲ. ಈಡಿ ಬಗ್ಗೆ ಜೀನ್ ಸ್ಟೈನ್ ಮಾಡಿದ, 1982ರಲ್ಲಿ ಬಂದ ಪುಸ್ತಕ ಇದೆ. ಅದರಲ್ಲಿ ನಿರೂಪಣೆ ಇಲ್ಲ, ಬರೀ ಜನರ ಮಾತು. ಮನೆಯವರು, ಗೆಳೆಯರು, ಫ್ಯಾಕ್ಟರಿಯವರು ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಾಳೆಯಾಗುವುದಿಲ್ಲ. ನೀಲಿ ಅಂತ ಗುರುತು ಹಾಕಿದ ಎಷ್ಟೋ ಕಾರ್ಡುಗಳನ್ನು ಇದನ್ನು ಓದುತ್ತಾ ಹಳದಿ ಮಾಡಬೇಕಾಯಿತು.

ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿದಾಗ ಸಿನಿಮಾದ ಆಕಾರ ಕಂಡಿತು. ಈಡಿ ನಡುವೆ. ಒಂದು ಕಡೆ ವಾರ್ಹಾಲ್, ಇನ್ನೊಂದು ಕಡೆ ಒಬ್ಬ ಹಾಡುಗಾರ. ಒಬ್ಬ ಬಳಸಿಕೊಳ್ಳುವವನು, ಇನ್ನೊಬ್ಬ ಉಳಿಸಲು ಬಂದವನು. ಅವಳು ಸರಿಯಾದವನನ್ನು ಬಿಟ್ಟು ತಪ್ಪಾದವನನ್ನು ಹಿಡಿದುಕೊಂಡಳು, ಅದಕ್ಕೇ ಹಾಳಾದಳು. ನೋಡುವಾಗ ಇದು ಎಷ್ಟು ಸಲೀಸಾಗಿ ಇಳಿಯುತ್ತದೆ ಅಂದರೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ಆದರೆ ಇಬ್ಬರ ನಡುವಿನ ಈ ಎಳೆದಾಟದ ಕಾರ್ಡುಗಳಲ್ಲೇ ಗುಲಾಬಿ ಜಾಸ್ತಿ.

ಆ ಹಾಡುಗಾರನ ವಿಚಾರ ಇನ್ನೂ ತಮಾಷೆಯಾಗಿದೆ. ನೋಡಿದವರಿಗೆಲ್ಲ ಬಾಬ್ ಡಿಲನ್ ನೆನಪಾಗುತ್ತಾನೆ. ಆದರೆ ಡಿಲನ್ ಅನ್ನುವ ಹೆಸರು ಮಾತ್ರ ಆ ಪಾತ್ರಕ್ಕಿಲ್ಲ. ಸಿನಿಮಾ ಬಿಡುಗಡೆಗೆ ಮುಂಚೆ ಡಿಲನ್ ಕಡೆಯ ವಕೀಲರು ಮಾನನಷ್ಟದ ಮಾತೆತ್ತಿ ಪತ್ರ ಬರೆದಿದ್ದರು. ಈಡಿ ಹಾಳಾಗಲು ಡಿಲನ್ ಕಾರಣ ಅನ್ನುವ ಅರ್ಥ ಬರುತ್ತದೆ ಅನ್ನುವುದು ಅವರ ಆಕ್ಷೇಪ. ವಾರ್ಹಾಲ್ ತೀರಿಕೊಂಡಿದ್ದು 1987ರಲ್ಲಿ, ಈಡಿ 1971ರಲ್ಲಿ. ಅವರಿಬ್ಬರೂ ಪತ್ರ ಬರೆಯುವ ಹಾಗಿಲ್ಲ. ಹಾಗಾಗಿ ಬದುಕಿರುವವನಿಗೆ ಬೇರೆ ಹೆಸರು ಸಿಕ್ಕಿತು, ಅದರ ಜೊತೆ ಒಳ್ಳೆತನವೂ ಸಿಕ್ಕಿತು. ಸತ್ತವರು ಸ್ವಂತ ಹೆಸರಿನಲ್ಲೇ ಆರೋಪಿಗಳಾದರು. ಇದನ್ನು ಗಮನಿಸಿದ ದಿನ ನನ್ನ ಚಿತ್ರಕಥೆಯಲ್ಲಿ ಯಾರು ಯಾರು ಬದುಕಿದ್ದಾರೆ, ಯಾರಿಲ್ಲ ಅಂತ ಪಟ್ಟಿ ಮಾಡಿದೆ. ಮಾಲೀಕ ಸತ್ತಿದ್ದ. ಅವನ ಕಡೆಯಿಂದ ಮಾತಾಡಲು ಯಾರೂ ಇರಲಿಲ್ಲ. ದೂರು ಹೇಳಿದವರೆಲ್ಲ ಬದುಕಿದ್ದರು.

ಈಗ ಇಸವಿಯ ಮಾತು. ಕಾರ್ಡುಗಳನ್ನು ಸಿನಿಮಾದ ಕ್ರಮದಿಂದ ತೆಗೆದು ಇಸವಿಯ ಕ್ರಮದಲ್ಲಿ ಜೋಡಿಸಿದೆ. 1962ರಲ್ಲೇ ಈಡಿ ಕನೆಕ್ಟಿಕಟ್‌ನ ಸಿಲ್ವರ್ ಹಿಲ್ ಮಾನಸಿಕ ಆಸ್ಪತ್ರೆಯಲ್ಲಿದ್ದಳು, ಸರಿಯಾಗಿ ಊಟ ಮಾಡಲಾಗದ ಕಾಯಿಲೆಯೇ (ಈಟಿಂಗ್ ಡಿಸಾರ್ಡರ್) ಮುಖ್ಯ ಕಾರಣ. 1964ರಲ್ಲಿ ಒಬ್ಬ ಅಣ್ಣ ಆತ್ಮಹತ್ಯೆ ಮಾಡಿಕೊಂಡ. 1965ರ ಶುರುವಿನಲ್ಲಿ ಇನ್ನೊಬ್ಬ ಅಣ್ಣ ಮೋಟರ್‌ಸೈಕಲ್ ಅಪಘಾತದಿಂದ ಸತ್ತ. ಅಪ್ಪನ ಬಗ್ಗೆ ಅವಳೇ ಹತ್ತಿರದವರ ಬಳಿ ಹೇಳಿಕೊಂಡಿದ್ದ ಕರಾಳ ಮಾತುಗಳು ಬೇರೆ. ಇದೆಲ್ಲ ಹೊತ್ತುಕೊಂಡೇ ಅವಳು ಫ್ಯಾಕ್ಟರಿಯ ಬಾಗಿಲಿಗೆ ಬಂದಿದ್ದು. ಸಿನಿಮಾ ಇದನ್ನು ಮುಚ್ಚಿಡುವುದಿಲ್ಲ, ಹೇಳುತ್ತದೆ. ಆದರೆ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ವಾರ್ಹಾಲ್‌ನ ತಣ್ಣನೆಯ ಮುಖವನ್ನು ಮಾತ್ರ ಮತ್ತೆ ಮತ್ತೆ ಕಣ್ಣಿಗೆ ತೋರಿಸುತ್ತದೆ. ಕೇಳಿದ್ದು ಮರೆತುಹೋಗುತ್ತದೆ, ನೋಡಿದ್ದು ಉಳಿಯುತ್ತದೆ ಅಲ್ವಾ? ಸುಳ್ಳು ಹೇಳದೆಯೇ ಅಪರಾಧಿಯನ್ನು ಆರಿಸುವುದು ಹೀಗೆ.

ಹಾಗಂತ ವಾರ್ಹಾಲ್ ಸಾಧು ಅಂತ ನಾನು ಹೇಳುತ್ತಿಲ್ಲ. ಅವಳ ಹೆಸರಿನಿಂದ ಅವನಿಗೆ ಲಾಭ ಆಯಿತು, ಅವಳ ಕೈಗೆ ದುಡ್ಡು ಬರಲಿಲ್ಲ. ಆಮೇಲೆ ಅವನು ಬರೆದ ಪುಸ್ತಕವೊಂದರಲ್ಲಿ ಅವಳಿಗೆ ‘ಟ್ಯಾಕ್ಸಿ’ ಅಂತ ಬೇರೆ ಹೆಸರಿಟ್ಟು, ಊರು ಬದಲಿಸಿ ಬರೆದ. ಅದು ನನಗೆ ಸಿನಿಮಾದ ಯಾವ ದೃಶ್ಯಕ್ಕಿಂತಲೂ ಕ್ರೂರ ಅನ್ನಿಸಿತು.

ಕಾರ್ಡಿನ ಕೆಲಸ ಮುಗಿದ ಮೇಲೆ ವಾರ್ಹಾಲ್ ತೆಗೆದ ಈಡಿಯನ್ನು ನೋಡಲು ಕೂತೆ. ಇದು ಎಲ್ಲರಿಗೂ ಹೇಳುವ ಸಲಹೆ: ಯಾರ ಮೇಲೆ ಬರೆಯುತ್ತೀರೋ ಅವರೇ ಇರುವ ಒಂದು ತುಣುಕು ಫಿಲಂ, ಧ್ವನಿಮುದ್ರಣ, ಏನು ಸಿಕ್ಕರೂ ಬಿಡಬೇಡಿ. ವಾರ್ಹಾಲ್ ‘ಸ್ಕ್ರೀನ್ ಟೆಸ್ಟ್’ ಅಂತ 1964ರಿಂದ 66ರವರೆಗೆ 472 ಕಿರುಚಿತ್ರ ತೆಗೆದ. ಒಬ್ಬರನ್ನು ಕೂರಿಸಿ, ನೂರು ಅಡಿಯ ರೀಲ್ ಮುಗಿಯುವವರೆಗೆ ಕ್ಯಾಮರಾ ಓಡಿಸುವುದು, ಅಷ್ಟೇ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದದ್ದನ್ನು 16ರ ವೇಗದಲ್ಲಿ ತೋರಿಸುತ್ತಿದ್ದ. ಮೂರು ನಿಮಿಷವೂ ಇಲ್ಲದ್ದು ನಾಲ್ಕು ನಿಮಿಷ ದಾಟುತ್ತದೆ. ಕಣ್ಣು ಮಿಟುಕಿಸುವುದೂ ಒಂದು ಘಟನೆ ಆಗಿಬಿಡುತ್ತದೆ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು 1965ರ ‘ಔಟರ್ ಅಂಡ್ ಇನ್ನರ್ ಸ್ಪೇಸ್’. ಎಡಗಡೆ ಒಂದು ಟಿವಿ. ಅದರಲ್ಲಿ ಮೊದಲೇ ವಿಡಿಯೋ ಮಾಡಿದ ಈಡಿಯ ಮುಖ, ಪಕ್ಕದಿಂದ, ತುಸು ಮೇಲೆ ನೋಡುತ್ತಿರುವ ಹಾಗೆ. ಟಿವಿಯ ಪಕ್ಕದಲ್ಲೇ ಕೂತಿರುವ ಇನ್ನೊಬ್ಬ ಈಡಿ, ಫಿಲಂನಲ್ಲಿ. ಕೂತವಳು ಕ್ಯಾಮರಾದ ಆಚೆ ಯಾರ ಜೊತೆಗೋ ಮಾತಾಡುತ್ತಿದ್ದಾಳೆ, ಸಿಗರೇಟು ಸೇದುತ್ತಿದ್ದಾಳೆ. ಟಿವಿಯಲ್ಲಿರುವ ಅವಳದೇ ದನಿ ಅವಳ ಕಿವಿಗೆ ಬೀಳುತ್ತಲೇ ಇರುತ್ತದೆ. ಆಗಾಗ ಅದು ಅವಳನ್ನು ತಡೆಯುತ್ತದೆ. ಮುಖ ಹಿಂಡುತ್ತಾಳೆ, ನಗುತ್ತಾಳೆ, ಮತ್ತೆ ಮಾತಿಗೆ ಇಳಿಯುತ್ತಾಳೆ. 33 ನಿಮಿಷದ ಎರಡು ರೀಲ್‌ಗಳನ್ನು ಅಕ್ಕಪಕ್ಕ ತೋರಿಸುವುದರಿಂದ ತೆರೆಯ ಮೇಲೆ ಒಟ್ಟು ನಾಲ್ಕು ಈಡಿ. ಮಾತು ಮಾತಿನ ಮೇಲೆ ಬಿದ್ದು ಏನು ಹೇಳುತ್ತಿದ್ದಾಳೆ ಅಂತ ಅರ್ಧ ಕೇಳಿಸುವುದೇ ಇಲ್ಲ. ಕತೆ ಇಲ್ಲ, ಖಳ ಇಲ್ಲ. ಆದರೂ ತನ್ನ ಬಿಂಬದ ಪಕ್ಕದಲ್ಲಿ ಕೂರಲು ಪಡುವ ಕಸಿವಿಸಿ ಪೂರ್ತಿ ಕಾಣುತ್ತದೆ. ಇನ್ನೊಂದು ವಿಷಯವೂ ಕಂಡಿತು: ಅವಳು ಜಾಣೆ, ತಮಾಷೆಯವಳು. ಬರೀ ಬಲಿಪಶು ಅಲ್ಲ. ನನ್ನ ನಟಿಗೆ ಇದುವರೆಗೆ ಒಂದಾದರೂ ನಗುವಿನ ಮಾತು ಬರೆದಿದ್ದೇನಾ ಅಂತ ಆಗಲೇ ಪುಟ ತಿರುವಿ ನೋಡಿದೆ. ಬೆರಳೆಣಿಕೆಯಷ್ಟು ಇದ್ದವು.

ದಾಖಲೆ ಓದುವಾಗ ಸಿಕ್ಕ ಕೆಲವು ದೃಶ್ಯಗಳನ್ನು ಯಾವ ಬರಹಗಾರನೂ ಕಲ್ಪಿಸಲಾರ. 1965ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ವಾರ್ಹಾಲ್‌ನ ಚಿತ್ರಪ್ರದರ್ಶನ. ಜನ ನುಗ್ಗುತ್ತಾರೆ ಅಂತ ಗೋಡೆಯ ಮೇಲಿನ ಚಿತ್ರಗಳನ್ನೇ ಇಳಿಸಿಬಿಟ್ಟರು. ಬಂದವರು ನೋಡಿದ್ದು ಖಾಲಿ ಗೋಡೆ, ಆಂಡಿ ಮತ್ತು ಈಡಿ. ಕೊನೆಗೆ ಇಬ್ಬರನ್ನೂ ಚಾವಣಿಯಲ್ಲಿ ತೂತು ಕೊರೆದು ಹೊರಗೆ ಸಾಗಿಸಬೇಕಾಯಿತು. ಅದೇ ವರ್ಷ ‘ವೋಗ್’ ಪತ್ರಿಕೆಯಲ್ಲಿ ಬಂದ ಫೋಟೋ ಇನ್ನೊಂದು. ಕಪ್ಪು ಟೈಟ್ಸ್ ತೊಟ್ಟ ಈಡಿ ತನ್ನ ಮನೆಯಲ್ಲಿ ಚರ್ಮದ ಘೇಂಡಾಮೃಗದ ಗೊಂಬೆಯ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದಾಳೆ. ಹಿಂದಿನ ಗೋಡೆಯಲ್ಲಿ ಕುದುರೆಯ ಚಿತ್ರ. ರಾಂಚ್, ಬಾಲ್ಯ, ಆಟ, ಆಯ ತಪ್ಪುವ ಭಯ, ಎಲ್ಲ ಆ ಒಂದೇ ಫೋಟೋದಲ್ಲಿದೆ. ಇದಕ್ಕೆ ಸಂಭಾಷಣೆ ಬೇಕಾ?

ಸಿನಿಮಾದ ಕೊನೆ ನನಗೆ ತೀರಾ ಬೇಸರ ತಂದಿತು. ನ್ಯೂಯಾರ್ಕ್ ಮುಗಿಯುತ್ತಿದ್ದಂತೆ ಕತೆಯೂ ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಕೂತ ಈಡಿಯ ಕೆಲವು ಮಾತು, ಆಮೇಲೆ ತೆರೆಯ ಮೇಲೆ ನಾಲ್ಕು ಸಾಲು ಅಕ್ಷರ. ಅವಳು ಕ್ಯಾಲಿಫೋರ್ನಿಯಾಗೆ ವಾಪಸು ಹೋಗಿದ್ದು, ವರ್ಷಗಟ್ಟಲೆ ಎಳೆದ ಇನ್ನೊಂದು ಸಿನಿಮಾದಲ್ಲಿ ನಟಿಸಿದ್ದು, ಆಸ್ಪತ್ರೆಯಲ್ಲೇ ಪರಿಚಯವಾದ ಹುಡುಗನನ್ನು 1971ರ ಜುಲೈನಲ್ಲಿ ಮದುವೆಯಾಗಿದ್ದು, ನಾಲ್ಕೇ ತಿಂಗಳಲ್ಲಿ ಸತ್ತಿದ್ದು. ಇದರಲ್ಲಿ ವಾರ್ಹಾಲ್ ಎಲ್ಲೂ ಇಲ್ಲ. ಅದಕ್ಕೇ ಸಿನಿಮಾಗೆ ಇದು ಬೇಡವಾಯಿತು. ಖಳ ಇಲ್ಲದ ಕಡೆ ಕತೆ ಇಲ್ಲ ಅಂತ ಲೆಕ್ಕ.

ಇಷ್ಟೆಲ್ಲ ಆದ ಮೇಲೆ ನನ್ನ ಕಾರ್ಡುಗಳನ್ನೂ ಇಸವಿಯ ಪ್ರಕಾರ ಜೋಡಿಸಿದೆ. ಹಳೇ ಕರಪತ್ರಗಳು ಕೆಲಸಕ್ಕೆ ಬಂದವು. ಯಾವ ಜಾತ್ರೆಯ ಕ್ಯಾಂಪು, ಯಾವ ನಾಟಕ, ಯಾವ ಪಾತ್ರ, ಎಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಆ ಮಾಲೀಕನ ಕಂಪನಿ ಸೇರುವ ಮುಂಚೆಯೇ ಗಂಡ ಬಿಟ್ಟುಹೋಗಿದ್ದ, ಒಂದು ಮಗು ತೀರಿಕೊಂಡಿತ್ತು. ಕುಡಿತವೂ ಆಗಲೇ ಶುರುವಾಗಿತ್ತು ಅಂತ ಹಾರ್ಮೋನಿಯಂ ಮೇಷ್ಟ್ರು ಹೇಳಿದರು. ಅದೇ ಮೇಷ್ಟ್ರು ಇನ್ನೊಂದು ಮಾತೂ ಹೇಳಿದರು. ಆಕೆ ಕಾಯಿಲೆ ಬಿದ್ದಾಗ ಡಾಕ್ಟರ ದುಡ್ಡು ಕಟ್ಟಿದ್ದು ಮಾಲೀಕನೇ. ಆಮೇಲೆ ಅದನ್ನೇ ಸಾಲ ಅಂತ ಬರೆದಿಟ್ಟು ಮುಂದಿನ ಕ್ಯಾಂಪುಗಳಲ್ಲಿ ಪುಕ್ಕಟೆ ಪಾತ್ರ ಮಾಡಿಸಿದ್ದೂ ಅವನೇ. ಎರಡೂ ಒಂದೇ ದೃಶ್ಯಕ್ಕೆ ಹೋದವು. ಅಕ್ಕನ ಮಗನಿಗೆ ಓದಿ ತೋರಿಸಿದಾಗ ಅವರು ಆ ದೃಶ್ಯವನ್ನು ಮೆಚ್ಚಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಒಪ್ಪಿಗೆಯನ್ನು ಮಾತ್ರ ಬರಹದಲ್ಲಿ ತೆಗೆದುಕೊಂಡಿದ್ದೇನೆ. ಇದನ್ನು ಯಾರೂ ಮರೆಯಬಾರದು.

ಕಂಪನಿ ಬಿಟ್ಟ ಮೇಲೆ ಆಕೆ ಬಸ್ ಸ್ಟ್ಯಾಂಡಿನ ಹತ್ತಿರ ಹೂವು ಮಾರುತ್ತಿದ್ದರು, ಸಂಜೆ ಪಕ್ಕದ ಮನೆಯ ಹುಡುಗಿಯರಿಗೆ ರಂಗಗೀತೆ ಹೇಳಿಕೊಡುತ್ತಿದ್ದರು. ಚಿತ್ರಕಥೆಯ ಕೊನೆಯ ಮೂರನೇ ಒಂದು ಭಾಗ ಈಗ ಪೂರ್ತಿ ಅದೇ. ಮಾಲೀಕ ಅದರಲ್ಲಿ ಬರುವುದೇ ಇಲ್ಲ. ನಿರ್ಮಾಪಕರಿಗೆ ಇಷ್ಟವಾಗದ ಭಾಗವೂ ಅದೇ, ಕತ್ತರಿಸಿ ಅಂತಿದ್ದಾರೆ. ಬೇಕಿದ್ದರೆ ಮೊದಲ ಭಾಗದಲ್ಲಿ ಕತ್ತರಿಸೋಣ ಅಂತ ಹೇಳಿ ಕಳಿಸಿದ್ದೇನೆ.