ಅಪಾಚೆ ಲಾಗ್ ಕೆಲಸಕ್ಕೆ ಬರುವಂತಿರಲಿ: ಫಾರ್ಮ್ಯಾಟ್, ಲೆವೆಲ್ ಹೊಂದಿಸುವುದು ಹೇಗೆ?

ವೆಬ್‌ಸೈಟ್ ನಿಧಾನವಾಗಿದೆ ಎಂದು ಯಾರೋ ಫೋನ್ ಮಾಡುತ್ತಾರೆ. ಸರ್ವರ್‌ಗೆ ಲಾಗಿನ್ ಆಗಿ ಲಾಗ್ ತೆರೆದರೆ ಸಾವಿರಾರು ಸಾಲು. ಆದರೆ ಯಾವ ಪುಟಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದು ಮಾತ್ರ ಎಲ್ಲೂ ಇಲ್ಲ. ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆ ಹಾಕಿ, ಲಾಗ್ ಸೆಟ್ಟಿಂಗ್ ಮುಟ್ಟದೆ ಬಿಟ್ಟವರ ಪಾಡು ಸಾಮಾನ್ಯವಾಗಿ ಇದೇ. ಸರಿಪಡಿಸುವುದು ಕಷ್ಟವೇನಲ್ಲ. ಇಲ್ಲಿ ಉಬುಂಟುವಿನ ಅಪಾಚೆ 2.4 ಇಟ್ಟುಕೊಂಡು ಹೇಳುತ್ತೇನೆ. ಕನ್ನಡದಲ್ಲಿ ಬರೆದ ಆಜ್ಞೆಗಳನ್ನು ಫೈಲಿನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ಅಷ್ಟೆ.

ಮೊದಲು: ಇರುವುದು ಎರಡು ಲಾಗ್

ಒಂದು ಆಕ್ಸೆಸ್ ಲಾಗ್. ಅಪಾರ್ಟ್‌ಮೆಂಟ್ ಗೇಟಿನ ವಿಸಿಟರ್ ಪುಸ್ತಕದ ಹಾಗೆ, ಯಾರು ಬಂದರು, ಏನು ಕೇಳಿದರು ಎಂದು ಬರೆಯುತ್ತದೆ. ಇನ್ನೊಂದು ಎರರ್ ಲಾಗ್. ಒಳಗೆ ಏನು ಕೆಟ್ಟಿತು ಎಂದು ಹೇಳುತ್ತದೆ. ಎರಡೂ ವಾರ್ ಫೋಲ್ಡರಿನ ಒಳಗೆ, ಲಾಗ್‌ನಲ್ಲಿ, ಅಪಾಚೆ2 ಎಂಬಲ್ಲಿ ಸಿಗುತ್ತವೆ. ರೆಡ್‌ಹ್ಯಾಟ್ ಬಳಗದ ಲಿನಕ್ಸ್‌ನಲ್ಲಿ ಆ ಫೋಲ್ಡರಿನ ಹೆಸರು ಎಚ್‌ಟಿಟಿಪಿಡಿ.

ಬಹಳ ಜನ ಎಡವುವುದು ಇಲ್ಲೇ. ಎಷ್ಟು ಗಂಭೀರ ವಿಷಯದವರೆಗೆ ಬರೆಯಬೇಕೆಂದು ಹೇಳುವ ಲಾಗ್‌ಲೆವೆಲ್ ಬದಲಾಯಿಸಿದರೆ ಆಕ್ಸೆಸ್ ಲಾಗ್ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಅದು ಎರರ್ ಲಾಗ್‌ಗೆ ಮಾತ್ರ. ಆಕ್ಸೆಸ್ ಲಾಗ್‌ನಲ್ಲಿ ಏನಿರಬೇಕು ಎಂದು ತೀರ್ಮಾನಿಸುವುದು ಲಾಗ್‌ಫಾರ್ಮ್ಯಾಟ್ ಮತ್ತು ಕಸ್ಟಮ್‌ಲಾಗ್ ಎಂಬ ಎರಡು ಸಾಲುಗಳು.

ಫಾರ್ಮ್ಯಾಟ್ ಬದಲಿಸುವುದು

ಅಪಾಚೆಯ ಮುಖ್ಯ ಕಾನ್ಫಿಗ್ ಫೈಲ್ ತೆರೆಯಿರಿ. ಕಾಮನ್, ಕಂಬೈಂಡ್ ಎಂಬ ಹೆಸರಿನ ಲಾಗ್‌ಫಾರ್ಮ್ಯಾಟ್ ಸಾಲುಗಳು ಕಾಣುತ್ತವೆ. ಸಾಮಾನ್ಯವಾಗಿ ಬಳಕೆಯಲ್ಲಿರುವುದು ಕಂಬೈಂಡ್. ಬಂದವರ ಐಪಿ ವಿಳಾಸ, ಲಾಗಿನ್ ಹೆಸರು, ಸಮಯ, ಕೇಳಿದ ಪುಟ, 200 ಅಥವಾ 404ರಂಥ ಸ್ಟೇಟಸ್ ಕೋಡ್, ಕಳಿಸಿದ ಬೈಟ್‌ಗಳು, ಯಾವ ಪುಟದಿಂದ ಬಂದರು, ಯಾವ ಬ್ರೌಸರ್: ಇಷ್ಟು ಇದರಲ್ಲಿ ಬರುತ್ತದೆ. ಪುಟಕ್ಕೆ ಹಿಡಿದ ಸಮಯ ಮಾತ್ರ ಇಲ್ಲ.

ಮೂಲ ಸಾಲನ್ನು ಕೆಡಿಸಬೇಡಿ. ಅದನ್ನೇ ಕಾಪಿ ಮಾಡಿ ಕೆಳಗೆ ಹಾಕಿ, ಕೊನೆಯ ಹೆಸರನ್ನು 'ಟೈಮ್ಡ್' ಎಂದೋ ಮತ್ತೇನೋ ಬದಲಿಸಿ. ಫಾರ್ಮ್ಯಾಟ್ ಮುಗಿಯುವ ಉದ್ಧರಣ ಚಿಹ್ನೆಗೆ ಮುಂಚೆ ಒಂದು ಸ್ಪೇಸ್ ಬಿಟ್ಟು %ಡಿ ಸೇರಿಸಿ. ಡಿ ದೊಡ್ಡಕ್ಷರವೇ ಆಗಬೇಕು. ಇದು ಸಮಯವನ್ನು ಮೈಕ್ರೋಸೆಕೆಂಡ್‌ನಲ್ಲಿ ಬರೆಯುತ್ತದೆ. 5,00,000 ಎಂದರೆ ಅರ್ಧ ಸೆಕೆಂಡ್. ದೊಡ್ಡಕ್ಷರದ %ಟಿ ಕೂಡ ಇದೆ, ಆದರೆ ಅದು ಪೂರ್ತಿ ಸೆಕೆಂಡ್ ಮಾತ್ರ ಎಣಿಸುತ್ತದೆ. ಅರ್ಧ ಸೆಕೆಂಡ್ ಹಿಡಿದ ಪುಟ ಅಲ್ಲಿ 0 ಎಂದು ಕಾಣುತ್ತದೆ. ಏನು ಪ್ರಯೋಜನ? ಹಾಂ, ಬಳಕೆದಾರರ ನೆಟ್‌ವರ್ಕ್ ನಿಧಾನವಿದ್ದರೂ %ಡಿ ಸಂಖ್ಯೆ ಏರಬಹುದು. ಎಲ್ಲ ತಪ್ಪನ್ನೂ ಸರ್ವರ್ ಮೇಲೆ ಹೊರಿಸಬೇಡಿ.

ಈಗ ನಿಮ್ಮ ಸೈಟಿನ ಕಾನ್ಫಿಗ್ ಫೈಲ್ ತೆರೆದು, ಕಸ್ಟಮ್‌ಲಾಗ್ ಸಾಲಿನ ಕೊನೆಯಲ್ಲಿರುವ ಕಂಬೈಂಡ್ ತೆಗೆದು ಹೊಸ ಹೆಸರು ಹಾಕಿ. ಸ್ಪೆಲ್ಲಿಂಗ್ ಎರಡು ಸಲ ನೋಡಿ. ಇಲ್ಲೊಂದು ವಿಚಿತ್ರವಿದೆ: ಹೆಸರು ತಪ್ಪಾದರೆ ಅಪಾಚೆ ದೂರುವುದೇ ಇಲ್ಲ. ಆ ತಪ್ಪು ಹೆಸರನ್ನೇ ಫಾರ್ಮ್ಯಾಟ್ ಎಂದುಕೊಂಡು, ಯಾರೇ ಬಂದರೂ ಅದೇ ಪದವನ್ನು ಸಾಲುಸಾಲಾಗಿ ಬರೆದುಕೊಂಡು ಹೋಗುತ್ತದೆ.

ಸರ್ವರ್ ಮುಂದೆ ಲೋಡ್ ಬ್ಯಾಲೆನ್ಸರ್ (ಬಂದ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ) ಇದೆಯಾ? ಹಾಗಿದ್ದರೆ ಬಂದವರೆಲ್ಲರ ಐಪಿ ಒಂದೇ ಆಗಿ ಕಾಣುತ್ತದೆ, ಅದು ಬ್ಯಾಲೆನ್ಸರ್‌ನದು. ಮಾಡ್_ರಿಮೋಟ್‌ಐಪಿ ಮಾಡ್ಯೂಲ್ ಆನ್ ಮಾಡಿ, ಬಂದವರ ಮೂಲ ಐಪಿ ಹೊತ್ತು ತರುವ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ ಓದಲು ಹೇಳಿ. ಫಾರ್ಮ್ಯಾಟ್‌ನಲ್ಲಿ %ಎಚ್ ಬದಲು %ಎ ಬರೆಯಿರಿ, ಎರಡೂ ಚಿಕ್ಕಕ್ಷರ. ನಂಬಬೇಕಾದ ಪ್ರಾಕ್ಸಿಯ, ಅಂದರೆ ಆ ಬ್ಯಾಲೆನ್ಸರ್‌ನ, ವಿಳಾಸವನ್ನೂ ಮಾಡ್ಯೂಲಿನ ಸೆಟ್ಟಿಂಗ್‌ನಲ್ಲೇ ಕೊಡಬೇಕು. ಆ ಹೆಡರ್ ಅನ್ನು ಯಾರು ಬೇಕಾದರೂ ಸುಳ್ಳು ಬರೆದು ಕಳಿಸಬಹುದು, ಅಲ್ವಾ?

ನಿಮ್ಮ ಆ್ಯಪ್ ಟೋಕನ್ನನ್ನೋ ಫೋನ್ ನಂಬರನ್ನೋ ಯುಆರ್‌ಎಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಕಳಿಸುತ್ತಿದ್ದರೆ ಅದೂ ಲಾಗ್‌ಗೆ ಬಂದು ಬೀಳುತ್ತದೆ. ಕೋರಿಕೆಯ ಸಾಲನ್ನು ಪೂರ್ತಿ ಬರೆಯುವ %ಆರ್ (ಚಿಕ್ಕಕ್ಷರ) ತೆಗೆದು, ಆ ಜಾಗದಲ್ಲಿ %ಎಂ %ಯು %ಎಚ್ ಎಂದು ಬರೆದರೆ ಆ ಭಾಗ ಬಿಟ್ಟುಹೋಗುತ್ತದೆ. ಇಲ್ಲಿ ಎಂ ಚಿಕ್ಕಕ್ಷರ, ಯು ಮತ್ತು ಎಚ್ ದೊಡ್ಡಕ್ಷರ.

ಲೆವೆಲ್ ಎಷ್ಟಿರಬೇಕು?

ಗಂಭೀರದಿಂದ ಸಾಮಾನ್ಯದ ಕಡೆಗೆ ಎಂಟು ಹಂತ: ಎಮರ್ಜ್, ಅಲರ್ಟ್, ಕ್ರಿಟ್, ಎರರ್, ವಾರ್ನ್, ನೋಟಿಸ್, ಇನ್ಫೋ, ಡೀಬಗ್. ಅದರ ಕೆಳಗೆ ಟ್ರೇಸ್1ರಿಂದ ಟ್ರೇಸ್8. ಒಂದು ಹಂತ ಆರಿಸಿದರೆ ಅದೂ ಅದಕ್ಕಿಂತ ಗಂಭೀರವಾದದ್ದೂ ದಾಖಲಾಗುತ್ತದೆ. ಮೊದಲೇ ಇರುವುದು ವಾರ್ನ್. ದಿನನಿತ್ಯಕ್ಕೆ ಅದೇ ಸಾಕು.

ತೊಂದರೆ ಹುಡುಕುವಾಗ ಇಡೀ ಸರ್ವರ್ ಅನ್ನು ಡೀಬಗ್‌ಗೆ ತಳ್ಳುವುದು ಸುಮ್ನೆ ಡಿಸ್ಕ್ ತುಂಬಿಸುವ ಕೆಲಸ. 2.4ರಲ್ಲಿ ಒಂದೊಂದು ಮಾಡ್ಯೂಲಿಗೂ ಬೇರೆ ಹಂತ ಕೊಡಬಹುದು. ಕೇಳಿದ ಯುಆರ್‌ಎಲ್ ಅನ್ನು ಬದಲಿಸುವ ರೀರೈಟ್ ನಿಯಮ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ನೋಡಬೇಕಾದರೆ 'ಲಾಗ್‌ಲೆವೆಲ್ ವಾರ್ನ್ ರೀರೈಟ್:ಟ್ರೇಸ್3' ಎಂದು ಬರೆದರಾಯಿತು. ಉಳಿದದ್ದೆಲ್ಲ ಸುಮ್ಮನಿರುತ್ತದೆ. 2.2ರ ಕಾಲದ ರೀರೈಟ್‌ಲಾಗ್ ಎಂಬ ಸಾಲು ಹಳೆಯ ಟಿಪ್ಪಣಿಗಳಲ್ಲಿ ಸಿಗುತ್ತದೆ. ಅದನ್ನು ಹಾಕಿದರೆ ಈಗಿನ ಅಪಾಚೆ ಸ್ಟಾರ್ಟ್ ಆಗುವುದೇ ಇಲ್ಲ. ಟ್ರೇಸ್7, ಟ್ರೇಸ್8 ಅಂತೂ ರಾಶಿರಾಶಿ ಡೇಟಾ ಸುರಿಯುತ್ತವೆ. ಗ್ರಾಹಕರು ಬಳಸುತ್ತಿರುವ ಸರ್ವರ್‌ನಲ್ಲಿ ಅವು ಬೇಡ. ಕೆಲಸ ಮುಗಿದ ತಕ್ಷಣ ವಾರ್ನ್‌ಗೆ ವಾಪಸ್ ತನ್ನಿ.

ಜಾರಿಗೆ ತರುವುದು

ಮೊದಲು ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್ ಓಡಿಸಿ. 'ಸಿಂಟ್ಯಾಕ್ಸ್ ಓಕೆ' ಬಂದರೆ ಅಪಾಚೆಸಿಟಿಎಲ್ ಗ್ರೇಸ್‌ಫುಲ್ ಕೊಡಿ. ನಡೆಯುತ್ತಿರುವ ಕೆಲಸ ಕಡಿಯದೆ ಹೊಸ ಸೆಟ್ಟಿಂಗ್ ಜಾರಿಯಾಗುತ್ತದೆ. ಟೇಲ್ ಆಜ್ಞೆಗೆ ಮೈನಸ್ ಎಫ್ ಸೇರಿಸಿ ಆಕ್ಸೆಸ್ ಲಾಗ್ ನೋಡುತ್ತಾ, ಬ್ರೌಸರಿನಲ್ಲಿ ಒಂದು ಪುಟ ತೆರೆಯಿರಿ. ಸಾಲಿನ ತುದಿಯಲ್ಲಿ ಸಮಯ ಕಾಣಿಸಬೇಕು.

ಎಷ್ಟು ದಿನ ಇಡಬೇಕು?

ಭಾರತದಲ್ಲಿ ಇದು ಬರೀ ಡಿಸ್ಕ್ ಜಾಗದ ಪ್ರಶ್ನೆಯಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಸಿಸ್ಟಮ್‌ಗಳ ಲಾಗ್ ಅನ್ನು 180 ದಿನ ಭದ್ರವಾಗಿ ಇಟ್ಟುಕೊಂಡಿರಬೇಕು. ಉಬುಂಟುವಿನ ಅಪಾಚೆ ಪ್ಯಾಕೇಜ್ ಜೊತೆ ಬರುವ ಲಾಗ್‌ರೊಟೇಟ್ ಸೆಟ್ಟಿಂಗ್ ಏನು ಮಾಡುತ್ತದೆ? ದಿನಕ್ಕೊಂದು ಫೈಲ್ ಮಾಡಿ, 14 ಮಾತ್ರ ಇಟ್ಟುಕೊಂಡು, ಹಳೆಯದನ್ನು ಅಳಿಸುತ್ತದೆ. ಲಾಗ್‌ರೊಟೇಟ್ ಫೋಲ್ಡರಿನ ಅಪಾಚೆ2 ಫೈಲಿನಲ್ಲಿ ರೊಟೇಟ್ 14 ಎಂಬುದನ್ನು 180 ಮಾಡಿ. ಅಲ್ಲೇ ಕಂಪ್ರೆಸ್ ಇರುವುದರಿಂದ ಜಾಗ ಅಷ್ಟು ಜಾಸ್ತಿ ಹಿಡಿಯುವುದಿಲ್ಲ. ಕಂಪ್ರೆಸ್ ಆದ ಫೈಲಿನಲ್ಲಿ ಹುಡುಕಲು ಗ್ರೆಪ್ ಬದಲು ಝಡ್‌ಗ್ರೆಪ್ ಬಳಸಿ. ಡಿಸ್ಕ್ ತುಂಬಿತೆಂದು ಈಗ ಬರೆಯುತ್ತಿರುವ ಲಾಗ್ ಫೈಲನ್ನೇ ಡಿಲೀಟ್ ಮಾಡಲು ಹೋಗಬೇಡಿ. ಅಪಾಚೆ ಅದನ್ನು ತೆರೆದು ಹಿಡಿದಿರುವ ತನಕ ಒಂದು ಬೈಟ್ ಜಾಗವೂ ವಾಪಸ್ ಸಿಗುವುದಿಲ್ಲ.