ಶೇಂಗಾ ಹೊಲದಲ್ಲಿ ಅಕ್ಕಡಿ ಸಾಲು: ಕೂರಿಗೆ ಹೂಡುವ ಮುಂಚೆ ಒಂದಿಷ್ಟು ಲೆಕ್ಕ

ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಆ ಕಡೆ ಜಗಳೂರು. ಇಲ್ಲೆಲ್ಲ ಮಳೆ ನಂಬಿದ ಕೆಂಪು ನೆಲದವರು ಮುಂಗಾರಿಗೆ ಶೇಂಗಾ ಬಿತ್ತಿ ಕೂರುವುದೇ ಹೆಚ್ಚು. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳಿವೆ, ಮಾರಾಟಕ್ಕೆ ತೊಂದರೆಯಿಲ್ಲ. ತೊಂದರೆ ಇರುವುದು ಮಳೆಯದ್ದು. ವರ್ಷಕ್ಕೆ ಬೀಳುವುದೇ 500 ಮಿ.ಮೀ. ಆಸುಪಾಸು. ಅದೂ ಹೂ ಬಿಡುವ ಹೊತ್ತಿಗೆ ಕೈಕೊಟ್ಟರೆ ಬೀಜದ ದುಡ್ಡೂ ಹುಟ್ಟುವುದಿಲ್ಲ. 2023ರ ಬರದಲ್ಲಿ ಇದನ್ನು ಎಲ್ಲರೂ ಕಂಡಿದ್ದಾರೆ.

ಶೇಂಗಾ ಜೊತೆಗೆ ತೊಗರಿ, ಅಲಸಂದೆ, ಒಂದಿಷ್ಟು ಸಜ್ಜೆ, ಹರಳು (ಔಡಲ) ಹಾಕುವ ಅಕ್ಕಡಿ ಪದ್ಧತಿ ನಮ್ಮ ಹಿರಿಯರದ್ದೇ. ಅದನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅದು ಯಾಕೆ ಬಿಟ್ಟುಹೋಯಿತು ಅಂತ ಯಾರೂ ಹೇಳುವುದಿಲ್ಲ. ಅಕ್ಕಡಿ ಹೊಲದಲ್ಲಿ ಕೈಗೆ ಸಿಕ್ಕ ಕಳೆನಾಶಕ ಹೊಡೆಯುವ ಹಾಗಿಲ್ಲ, ಒಂದಕ್ಕೆ ಆಗುವುದು ಇನ್ನೊಂದಕ್ಕೆ ಆಗುವುದಿಲ್ಲ. ಒಂದೇ ಸಲಕ್ಕೆ ಕಟಾವೂ ಆಗುವುದಿಲ್ಲ. ಆ ಹೆಚ್ಚಿನ ಕೆಲಸವೆಲ್ಲ ಬೀಳುವುದು ಮನೆಯ ಹೆಂಗಸರ ಬೆನ್ನ ಮೇಲೆ. ಹಾಗಾಗಿ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು.

ಮೊದಲು: ಯಾರ ಕೆಲಸ ಎಷ್ಟು?

ಯುಗಾದಿ ಕಳೆದ ಮೇಲೆ ಒಂದು ಸಂಜೆ ಮನೆಯವರೆಲ್ಲ ಕೂತು ಮಾತಾಡಿ. ಕಳೆ ತೆಗೆಯುವವರು ಯಾರು? ಆಳು ಎಷ್ಟು ಬೇಕು? ಮುಯ್ಯಾಳಿಗೆ, ಅಂದರೆ ಕೂಲಿ ಇಲ್ಲದೆ ಕೆಲಸಕ್ಕೆ ಕೆಲಸ ಅಂತ, ಯಾರು ಬರುತ್ತಾರೆ? ಮನೆಗೆ ಎಷ್ಟು ಬೇಳೆ ಬೇಕು? ಇದಕ್ಕೆಲ್ಲ ಉತ್ತರ ಗೊತ್ತಿರುವುದು ಸಾಮಾನ್ಯವಾಗಿ ಮನೆಯಾಕೆಗೆ. ಬೀಜದ ಅಂಗಡಿಗೆ ಹೋಗುವುದು ಮಾತ್ರ ಗಂಡಸು! ಎರಡು ಎಕರೆ ಪೂರ್ತಿ ಅಕ್ಕಡಿ ಹಾಕಲು ಕೈ ಸಾಲದು ಅನ್ನಿಸಿದರೆ ಮೊದಲ ವರ್ಷ ಅರ್ಧ ಎಕರೆಗೆ ಹಾಕಿ. ಅದರಲ್ಲಿ ಅವಮಾನ ಏನಿಲ್ಲ.

ನೆಲಕ್ಕೆ ಗೊಬ್ಬರ

ಇಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಗೆ ಒಂದು ಅನುಕೂಲ ಇದೆ: ಕುರಿ. ಬೇಸಿಗೆಯಲ್ಲಿ ಕುರಿ ಮಂದೆಯವರನ್ನು ಕರೆದು ಹೊಲದಲ್ಲಿ ರಾತ್ರಿ ಕುರಿ ತರುಬಿಸಿ. ಹಿಕ್ಕೆ, ಗಂಜಲ ಎರಡೂ ನೇರ ನೆಲಕ್ಕೆ ಸೇರುತ್ತವೆ, ಗಾಡಿ ಬಾಡಿಗೆಯೂ ಉಳಿಯುತ್ತದೆ. ಮಂದೆಯವರಿಗೆ ರಾತ್ರಿಗೆ ಇಷ್ಟು ಅಂತ ದುಡ್ಡೋ ಕಾಳೋ ಮೊದಲೇ ಮಾತಾಡಿಕೊಳ್ಳಿ. ಅಕ್ಕಪಕ್ಕದ ಮೂರ್ನಾಲ್ಕು ಸಣ್ಣ ಹೊಲದವರು ಸೇರಿ ಕರೆಸಿದರೆ ಅವರಿಗೂ ಅನುಕೂಲ. ಒಂದೆಕರೆಗೆ ಅಂತ ದೊಡ್ಡ ಮಂದೆ ಬರುವುದಿಲ್ಲ. ಕುರಿ ಎದ್ದು ಹೋದ ಮೇಲೆ ತಡಮಾಡದೆ ಕುಂಟೆ ಹೊಡೆಯಿರಿ, ಇಲ್ಲದಿದ್ದರೆ ಬಿಸಿಲಿಗೆ ಸಾರ ಹೋಗುತ್ತದೆ.

ಕೆರೆ ಗೋಡು (ಹೂಳು) ಸಿಕ್ಕರೆ ಮರಳು ಮಿಶ್ರಿತ ಹೊಲಕ್ಕೆ ಅದೂ ಒಳ್ಳೆಯದು, ತೇವ ಹಿಡಿದಿಡುತ್ತದೆ. ಜೀವಾಮೃತ ಮಾಡುವವರು ಮಾಡಲಿ: 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ಎರಡೆರಡು ಕೆಜಿ, ಒಂದು ಹಿಡಿ ಬದುವಿನ ಮಣ್ಣು. ಆದರೆ ಗೊಬ್ಬರವೇ ಇಲ್ಲದ ನೆಲಕ್ಕೆ ಬರೀ ಜೀವಾಮೃತ ಸುರಿದು ಪವಾಡ ಕಾಯಬೇಡಿ.

ಬೀಜ

ಶೇಂಗಾ ಖರ್ಚಿನಲ್ಲಿ ದೊಡ್ಡ ಪಾಲು ಬೀಜದ್ದು. ಎಕರೆಗೆ 40ರಿಂದ 50 ಕೆಜಿ ಕಾಳು ಬೇಕು. ಮನೆಯದ್ದಿರಲಿ, ರೈತ ಸಂಪರ್ಕ ಕೇಂದ್ರದ್ದಿರಲಿ, ಮೊಳಕೆ ನೋಡದೆ ಬಿತ್ತಬೇಡಿ. ನೂರು ಕಾಳು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ವಾರದೊಳಗೆ 70ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಎಣ್ಣೆಗೇ ಸರಿ.

ಬಿತ್ತುವ ಮುಂಚೆ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಲೇಪಿಸಿ. ಬುಡ ಕೊಳೆಯುವ ರೋಗಕ್ಕೆ ಇದು ಅಗ್ಗದ ಮದ್ದು. ನೆರಳಲ್ಲಿ ಒಣಗಿಸಿ, ಕಾಳಿನ ಸಿಪ್ಪೆ ಬಿಚ್ಚದಂತೆ ಮೆಲ್ಲಗೆ ಕೈಯಾಡಿಸಿ. ತೊಗರಿ, ಅಲಸಂದೆಗೆ ರೈಜೋಬಿಯಂ (ಬೇರಿಗೆ ಸಾರಜನಕ ಹಿಡಿದುಕೊಡುವ ಸೂಕ್ಷ್ಮಾಣು) ಹಚ್ಚಿದರೆ ಸಾಕು.

ಬಿತ್ತನೆ

ಅಕ್ಕಡಿ ಅಂದರೆ ಎಲ್ಲವನ್ನೂ ಕಲಸಿ ಎರಚುವುದು ಅಂತ ಕೆಲವರು ತಿಳಿದಿದ್ದಾರೆ. ಎರಚಿದರೆ ಸಾಲಿನ ನಡುವೆ ಕಳೆ ಕೀಳುವ ಎಡೆ ಕುಂಟೆ ಆಡುವುದಿಲ್ಲ, ಇಡೀ ಹೊಲ ಕೈಯಲ್ಲೇ ಕಳೆ ತೆಗೆಯಬೇಕಾಗುತ್ತದೆ. ಸಾಲು ಬೇಕೇ ಬೇಕು.

ಎಂಟು ಸಾಲು ಶೇಂಗಾ, ಎರಡು ಸಾಲು ತೊಗರಿ. ಇದು ಕೃಷಿ ವಿಜ್ಞಾನಿಗಳೂ ಒಪ್ಪಿರುವ ಲೆಕ್ಕ. ಬೀಜ ಬಿತ್ತುವ ಕೂರಿಗೆಗೆ ನಾಲ್ಕು ತಾಳು (ಬೀಜ ಇಳಿಯುವ ಕೊಳವೆ) ಇದ್ದರೆ ಸುಲಭ. ಎರಡು ಸಲ ಹೊಡೆದರೆ ಶೇಂಗಾದ ಎಂಟು ಸಾಲು ಮುಗಿಯಿತು. ಮೂರನೇ ಸಲ ತೊಗರಿ. ತೊಗರಿಯ ಎರಡು ಸಾಲಿನ ನಡುವೆ ಎರಡಡಿ ಇರುವಂತೆ ಬೇಡದ ತಾಳಿನ ಬಾಯಿಗೆ ಬಟ್ಟೆ ತುರುಕಿ. ತೊಗರಿ ಬೀಜ ಎಕರೆಗೆ ಎರಡು ಕೆಜಿ ಸಾಕು. ತೊಗರಿ ಮೊದಮೊದಲು ತುಂಬಾ ನಿಧಾನ. ಅದೇ ಸಾಲಿನಲ್ಲಿ ಅಲ್ಲಲ್ಲಿ ಅಲಸಂದೆ ಹಾಕಿದರೆ ಎರಡೂವರೆ ತಿಂಗಳಿಗೆ ಕೈಗೆ ಬಂದು ಜಾಗ ಬಿಟ್ಟುಕೊಡುತ್ತದೆ.

ಸಾಲು ಯಾವತ್ತೂ ಇಳಿಜಾರಿಗೆ ಅಡ್ಡ ಇರಲಿ. ತೊಗರಿಯ ಜೋಡಿ ಸಾಲಿನ ನಡುವೆ ನೇಗಿಲಲ್ಲಿ ಒಂದು ಗೆರೆ ಎಳೆದುಬಿಡಿ. ಜೋರು ಮಳೆ ಬಂದಾಗ ನೀರು ಅಲ್ಲೇ ನಿಂತು ಇಂಗುತ್ತದೆ. ಇಷ್ಟು ಕಡಿಮೆ ಖರ್ಚಲ್ಲಿ ಇಷ್ಟು ಉಪಯೋಗದ ಕೆಲಸ ನನಗೆ ಬೇರೆ ಗೊತ್ತಿಲ್ಲ. ಹೊಲದ ಸುತ್ತ ಒತ್ತಾಗಿ ನಾಲ್ಕು ಸಾಲು ಸಜ್ಜೆ, ಅಲ್ಲಲ್ಲಿ ಹರಳು. ಎಲೆ ತಿನ್ನುವ ಹುಳು ಮೊದಲು ಹರಳಿಗೆ ಹೋಗುತ್ತದೆ. ಮೊಟ್ಟೆ, ಮರಿಹುಳು ಇರುವ ಎಲೆಗಳನ್ನು ಕಿತ್ತು ನಾಶ ಮಾಡಿ.

ದಾವಣಗೆರೆ ಕಡೆಯ ಮೆಕ್ಕೆಜೋಳದವರೂ ಇದನ್ನು ಮಾಡಬಹುದು. ಆರು ಸಾಲಿಗೆ ಒಂದು ಸಾಲು ತೊಗರಿ ಹಾಕಿದರಾಯಿತು.

ಎಡೆ, ಕಳೆ, ಜಿಪ್ಸಂ

ಮೊದಲ ತಿಂಗಳಲ್ಲಿ ಎರಡು ಸಲ ಎಡೆ ಹೊಡೆದರೆ ಕೈಕೆಲಸ ಎಷ್ಟೋ ಕಡಿಮೆ. ಹೂ ಬಿಡುವ ಹೊತ್ತಿಗೆ, ಅಂದರೆ 30–35 ದಿನಕ್ಕೆ, ಎಕರೆಗೆ 200 ಕೆಜಿ ಜಿಪ್ಸಂ ಬುಡಕ್ಕೆ ಹಾಕಿ ಮಣ್ಣು ಏರಿಸಿ. ಕಾಯಿ ತುಂಬಲು ಬೇಕಾದ ಸುಣ್ಣದಂಶ, ಗಂಧಕ ಎರಡೂ ಅದರಲ್ಲಿವೆ. ಹೂವಿನ ಬುಡದಿಂದ ಸೂಜಿಯಂಥ ದಂಟು ಮಣ್ಣಿಗೆ ಇಳಿಯಲು ಶುರುವಾದ ಮೇಲೆ ಕುಂಟೆ ಒಳಗೆ ಬಿಡಲೇಬೇಡಿ. ತೊಗರಿಗೆ 45–50 ದಿನಕ್ಕೆ ಕುಡಿ ಚಿವುಟಿ, ಕವಲು ಜಾಸ್ತಿ ಬರುತ್ತದೆ.

ಕಾಗದ ಪತ್ರ

ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಮುಂಗಾರಿನ ಆಹಾರ ಬೆಳೆ, ಎಣ್ಣೆಕಾಳಿಗೆ ರೈತರ ಕಂತು ವಿಮಾ ಮೊತ್ತದ ಶೇ 2. ಬೆಳೆ ಸಮೀಕ್ಷೆಯಲ್ಲಿ ಶೇಂಗಾ, ತೊಗರಿ ಎರಡೂ ನಮೂದಾಗಿವೆಯೇ ನೋಡಿಕೊಳ್ಳಿ. ವಿಮೆಗೆ ಕಟ್ಟಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದಿದ್ದರೆ ಅಲೆದಾಟ ತಪ್ಪಿದ್ದಲ್ಲ.

ಗುತ್ತಿಗೆಗೆ ಮಾಡುವವರ ಪಾಡು ಬೇರೆ. ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿಯಾದ ಮೇಲೆ ರಾಜ್ಯದಲ್ಲಿ ಜಮೀನು ಗುತ್ತಿಗೆಗೆ ಕೊಡುವುದಕ್ಕೆ ಸಾಮಾನ್ಯವಾಗಿ ಕಾನೂನಿನ ಒಪ್ಪಿಗೆ ಇಲ್ಲ. ಹಾಗಾಗಿ ಎಲ್ಲ ಬಾಯಿಮಾತಲ್ಲೇ ನಡೆಯುತ್ತದೆ. ಪರಿಹಾರ ಬಂದರೆ ಪಹಣಿ ಇರುವವರ ಖಾತೆಗೆ ಹೋಗುತ್ತದೆ, ಬೆವರು ಸುರಿಸಿದವರಿಗೆ ಏನೂ ಇಲ್ಲ. ಬಿತ್ತುವ ಮುಂಚೆಯೇ, ನಾಲ್ಕು ಜನರ ಎದುರು, ಪರಿಹಾರದಲ್ಲಿ ಯಾರಿಗೆಷ್ಟು ಅಂತ ಮಾತಾಗಿರಲಿ. ಹೆಂಗಸರ ಹೆಸರಲ್ಲಿ ಪಹಣಿ ಇಲ್ಲದಿದ್ದರೂ ಇದೇ ಕಥೆ. ಜಂಟಿ ಖಾತೆ ಮಾಡಿಸಲು ಆಗುವವರು ಮಾಡಿಸಿ.

ಮಳೆ ಬಾರದಿದ್ದರೆ?

ಜುಲೈ ಕೊನೆವರೆಗೂ ಹದ ಮಳೆ ಆಗಲಿಲ್ಲ ಅಂದರೆ ಶೇಂಗಾಕ್ಕೆ ದುಡ್ಡು ಸುರಿಯಬೇಡಿ. ಆಗಸ್ಟ್‌ನಲ್ಲಿ ನವಣೆ ಹಾಕಬಹುದು, ಮೂರು ತಿಂಗಳ ಬೆಳೆ. ಅದೂ ತಪ್ಪಿದರೆ ಹುಬ್ಬೆ, ಉತ್ತರೆ ಮಳೆಗೆ (ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್) ಹುರುಳಿ. ಹುರುಳಿ ಬೀಜ ಮನೆಯಲ್ಲಿ ಯಾವಾಗಲೂ ಇರಬೇಕು, ಆ ಹೊತ್ತಿಗೆ ಅಂಗಡಿಯಲ್ಲಿ ಸಿಗುವುದು ಕಷ್ಟ.

ಕಟಾವು, ಮಾರಾಟ

ಶೇಂಗಾ ನಾಲ್ಕು ತಿಂಗಳೊಳಗೆ ಕಿತ್ತುಬಿಡಬಹುದು. ತೊಗರಿ ಇನ್ನೂ ಎರಡು ತಿಂಗಳು ನಿಲ್ಲುತ್ತದೆ. ಶೇಂಗಾ ಬಳ್ಳಿ ದನಕ್ಕೆ, ತೊಗರಿ ಕಟ್ಟಿಗೆ ಒಲೆಗೆ. ಶೇಂಗಾವನ್ನು ಹಸಿ ಇರುವಾಗಲೇ ರಾಶಿ ಹಾಕಬೇಡಿ, ಬೂಷ್ಟು ಬಂದರೆ ತಿನ್ನಲೂ ಅಪಾಯ, ರೇಟೂ ಬೀಳುತ್ತದೆ. ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಅಷ್ಟು ಒಣಗಲಿ.

ಒಬ್ಬೊಬ್ಬರು ಎರಡೆರಡು ಚೀಲ ಹೊತ್ತು ಮಂಡಿಗೆ ಹೋದರೆ ಬಾಡಿಗೆಯೇ ಭಾರ. ಹಳ್ಳಿಯ ಸ್ತ್ರೀಶಕ್ತಿ ಸಂಘದವರು ಸೇರಿ ಒಂದೇ ಲೋಡು ಮಾಡಿದರೆ ತೂಕ, ರೇಟು ಎರಡನ್ನೂ ಗಟ್ಟಿಯಾಗಿ ಕೇಳಬಹುದು. ತೊಗರಿಯನ್ನು ಕಾಳಾಗಿ ಕೊಡುವ ಬದಲು ಸ್ವಲ್ಪ ಬೇಳೆ ಮಾಡಿಸಿ ಊರಲ್ಲೇ ಮಾರಿದರೆ ಇನ್ನೂ ನಾಲ್ಕು ಕಾಸು ಜಾಸ್ತಿ.

ಮಾರುವ ಮುಂಚೆ ಬೀಜ ತೆಗೆದಿಡಿ. ಶೇಂಗಾ ಬೀಜ ಕಾಯಿಯಲ್ಲೇ ಇರಲಿ, ಬಿತ್ತುವ ವಾರ ಸುಲಿದರೆ ಸಾಕು. ತೊಗರಿ ಬೀಜಕ್ಕೆ ಕೆಮ್ಮಣ್ಣು ಸವರಿ ಬಿಸಿಲಲ್ಲಿ ಒಣಗಿಸಿ, ಅಲಸಂದೆಗೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಬಾಯಿ ಕಟ್ಟಿಡಿ. ಆ ಬೀಜದ ಯಜಮಾನಿಕೆ ಮನೆಯಾಕೆಗೇ ಇರಲಿ, ಯಾರಿಗಾದರೂ ಬೀಜ ಕೊಟ್ಟರೆ ಬರುವ ದುಡ್ಡೂ ಆಕೆಯದ್ದೇ.